ಮಗುವಿನ ಅಂಗಿಗೆ ಗಂಡು–ಹೆಣ್ಣೆಂಬ ಭೇದ ಬಂದ ಬಗೆ

ನಮ್ಮ ಕಡೆಯ ಎಷ್ಟೋ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ಒಂದು ಬಗೆಯ ಫೋಟೊ ಸಿಗುತ್ತದೆ. ಎರಡೋ ಮೂರೋ ವರ್ಷದ ಮಗುವಿಗೆ ಜರಿಯಂಚಿನ ಲಂಗ ಉಡಿಸಿ, ಬೈತಲೆಬೊಟ್ಟು ಇಟ್ಟು, ಮೊಗ್ಗಿನ ಜಡೆ ಹಾಕಿ, ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ ಸ್ಟುಡಿಯೊದಲ್ಲಿ ತೆಗೆಸಿದ ಚಿತ್ರ ಅದು. ಅದರಲ್ಲಿರುವ ಮಗು ಎಷ್ಟೋ ಸಲ ಗಂಡು. ಚೌಲ ಮಾಡಿಸಿ ಕೂದಲು ತೆಗೆಸುವ ಮೊದಲು ಒಮ್ಮೆ ಹೀಗೆ ಸಿಂಗರಿಸಿ ನೋಡುವ ಆಸೆ ಅಜ್ಜಿಗೋ ಅಮ್ಮನಿಗೋ ಇರುತ್ತಿತ್ತು. ಅದರಿಂದ ಮಗುವಿಗೆ ಕೇಡಾದೀತೆಂದು ಯಾರೂ ಅಂಜುತ್ತಿರಲಿಲ್ಲ. ಇಂದು ಮಕ್ಕಳ ಬಟ್ಟೆಯಂಗಡಿಯ ಬಾಗಿಲಲ್ಲಿ ಎದುರಾಗುವ ಮೊದಲ ಪ್ರಶ್ನೆ ಮಗುವಿನ ವಯಸ್ಸಲ್ಲ, ‘ಗಂಡಾ, ಹೆಣ್ಣಾ?’ ಎಂಬುದು. ಆರು ತಿಂಗಳ ಕೂಸಿನ ಜಬಲಾಕ್ಕೂ ಅನ್ವಯಿಸುವ ಈ ವಿಂಗಡಣೆ ಪರಂಪರೆಯಿಂದ ಬಂದದ್ದೆಂದು ಅನೇಕರು ನಂಬಿದ್ದಾರೆ. ಅದು ಹುಟ್ಟಿ ಬೆಳೆದ ಪಶ್ಚಿಮ ದೇಶಗಳಲ್ಲಿಯೂ ಅದಕ್ಕೆ ಅಷ್ಟು ವಯಸ್ಸಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕ ಮತ್ತು ಯುರೋಪಿನಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಐದಾರು ವರ್ಷದವರೆಗೆ ಬಿಳಿಯ ಫ್ರಾಕನ್ನೇ ತೊಡುತ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಫೋಟೊ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡೂವರೆ ವರ್ಷದ ಬಾಲಕ ಭುಜದವರೆಗೆ ಕೂದಲು ಇಳಿಬಿಟ್ಟು, ಬಿಳಿಯ ಲಂಗ ಹರಡಿಕೊಂಡು, ಗರಿಯ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದಾನೆ. ಹಾಗೆ ತೊಡಿಸುವುದಕ್ಕೆ ಬಾಣಂತನ ಮಾಡಿದವರಿಗೆಲ್ಲ ತಿಳಿಯುವಂಥ ಕಾರಣಗಳಿದ್ದವು: ಒದ್ದೆಯಾದಾಗ ಫ್ರಾಕನ್ನು ಮೇಲೆತ್ತಿದರೆ ಸಾಕು, ಮಗು ಬೆಳೆದಂತೆ ಅಂಚಿನ ಮಡಿಕೆ ಬಿಚ್ಚಬಹುದು, ಬಿಳಿಯ ಹತ್ತಿಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ ಒಗೆಯಬಹುದು. ಹುಡುಗ ಮೊದಲ ಬಾರಿಗೆ ಷರಾಯಿ ತೊಡುವ ದಿನ ಮನೆಯಲ್ಲಿ ಸಂಭ್ರಮವಿರುತ್ತಿತ್ತು. ಅಂದರೆ ಬಟ್ಟೆ ಮೊದಲು ಹೇಳುತ್ತಿದ್ದುದು ವಯಸ್ಸನ್ನು. ಗಂಡು ಹೆಣ್ಣೆಂಬುದು ಆಮೇಲಿನ ಮಾತು.

ಬಣ್ಣದ ಕಥೆ ಇನ್ನೂ ಈಚಿನದು. ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು 1918ರಲ್ಲಿ ಗುಲಾಬಿ ಗಟ್ಟಿಮುಟ್ಟಾದ ಬಣ್ಣವಾದ್ದರಿಂದ ಗಂಡುಮಕ್ಕಳಿಗೆ, ನೀಲಿ ನವಿರಾದ್ದರಿಂದ ಹೆಣ್ಣುಮಕ್ಕಳಿಗೆ ಒಪ್ಪುತ್ತದೆ ಎಂದು ಸಲಹೆ ಕೊಟ್ಟಿತ್ತು. 1927ರಲ್ಲಿ ಟೈಮ್ ಪತ್ರಿಕೆ ಬೇರೆ ಬೇರೆ ನಗರಗಳ ದೊಡ್ಡ ಅಂಗಡಿಗಳ ರೂಢಿಯನ್ನು ಪಟ್ಟಿ ಮಾಡಿದಾಗ ಒಂದು ಅಂಗಡಿಯ ಉತ್ತರ ಇನ್ನೊಂದರದಕ್ಕೆ ಹೊಂದಿರಲಿಲ್ಲ. ಎಲ್ಲವೂ ಈಗಿನದಕ್ಕೆ ತದ್ವಿರುದ್ಧವಾಗಿತ್ತೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ; ಎಲ್ಲರೂ ಒಪ್ಪಿದ ನಿಯಮವೇ ಇರಲಿಲ್ಲ ಎನ್ನುವುದು ಹೆಚ್ಚು ನಿಜ. ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ಎಂಬುದು ನೆಲೆಯೂರಿದ್ದು 1940ರ ದಶಕದ ಹೊತ್ತಿಗೆ.

ಅದೂ ಅಲುಗದೆ ನಿಲ್ಲಲಿಲ್ಲ. 1970ರ ದಶಕದಲ್ಲಿ ಮಹಿಳಾ ಚಳವಳಿಯ ಪ್ರಭಾವದಿಂದ ಅಮೆರಿಕದ ತಂದೆತಾಯಿಯರು ಇಬ್ಬರಿಗೂ ಹೊಂದುವ ಉಡುಪನ್ನು ಬಯಸಿದರು. ಆದರೆ 1980ರ ದಶಕದಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಸಾಮಾನ್ಯವಾಗಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂಬುದು ಮೊದಲೇ ತಿಳಿಯತೊಡಗಿದಾಗ, ಹೊದಿಕೆ, ತೊಟ್ಟಿಲು, ಕೋಣೆಯ ಗೋಡೆ ಎಲ್ಲವೂ ಒಂದೊಂದು ಬಣ್ಣ ಹಿಡಿದವು. ಅಕ್ಕನ ಗುಲಾಬಿ ಅಂಗಿಯನ್ನು ತಮ್ಮನಿಗೆ ತೊಡಿಸಲು ಮನಸ್ಸು ಒಪ್ಪದ ಮನೆಯವರು ಎರಡನೆಯ ಮಗುವಿಗೆ ಮತ್ತೆ ಎಲ್ಲವನ್ನೂ ಕೊಳ್ಳುತ್ತಾರೆ. ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲವಾದ ಭೇದ ಇನ್ನೊಂದಿಲ್ಲ. 2017ರಲ್ಲಿ ಬ್ರಿಟನ್ನಿನ ಜಾನ್ ಲೂಯಿಸ್ ಮಳಿಗೆಯು ತನ್ನದೇ ಮಕ್ಕಳ ಉಡುಪುಗಳಿಂದ ಹುಡುಗ, ಹುಡುಗಿ ಎಂಬ ಪ್ರತ್ಯೇಕ ಚೀಟಿಗಳನ್ನು ತೆಗೆದಾಗ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ನಮ್ಮ ದೇಶದ ದಾರಿ ಇಲ್ಲಿ ಬೇರೆಯಾಯಿತು, ಅದರ ಹಿನ್ನೆಲೆ ನೋವಿನದು. ಹೆಣ್ಣುಭ್ರೂಣಗಳ ಹತ್ಯೆಯನ್ನು ತಡೆಯಲು 1994ರಲ್ಲಿ ಬಂದ ಕಾಯ್ದೆಯು ಹೆರಿಗೆಗೆ ಮುನ್ನ ಲಿಂಗ ತಿಳಿಸುವುದನ್ನು ನಿಷೇಧಿಸಿತು. ಹೆರಿಗೆಗೆ ಮೊದಲೇ ಹೊಸ ಬಟ್ಟೆ ಕೊಳ್ಳಬಾರದೆಂಬ ನಂಬಿಕೆಯೂ ಅನೇಕ ಮನೆಗಳಲ್ಲಿದೆ. ಹಾಗಾಗಿ ನಮ್ಮಲ್ಲಿ ಕೂಸನ್ನು ಮೊದಲು ಸುತ್ತುವುದು ಇಂದಿಗೂ ಹಲವೆಡೆ ಒಗೆದು ಒಗೆದು ಮೆತ್ತಗಾದ ಅಜ್ಜನ ಪಂಚೆ ಅಥವಾ ಅಜ್ಜಿಯ ಸೀರೆಯ ತುಂಡಿನಲ್ಲಿ. ಕುಲಾವಿಯೂ ಉಡಿದಾರವೂ ಇಬ್ಬರಿಗೂ ಒಂದೇ. ಬಟ್ಟೆಯಲ್ಲಿ ಭೇದ ಮಾಡದ ಮನೆಗಳು ಉಳಿದದ್ದರಲ್ಲಿ ಭೇದ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ, ಆ ಕಾಯ್ದೆ ಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ.

ಉಡುಪಿನ ಪ್ರಶ್ನೆ ನಮ್ಮಲ್ಲಿ ಸಾರ್ವಜನಿಕ ಚರ್ಚೆಯಾಗಿ ಬೆಳೆದದ್ದು ಶಾಲೆಯ ಸಮವಸ್ತ್ರದ ಮೂಲಕ, ಅದೂ ನೆರೆಯ ಕೇರಳದಲ್ಲಿ. ಎರ್ನಾಕುಲಂ ಜಿಲ್ಲೆಯ ವಳಯಂಚಿರಙ್ಙರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯು 2018ರಲ್ಲಿ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಮಂಡಿಯ ಕೆಳಗಿನವರೆಗೆ ಬರುವ ಚಡ್ಡಿ ಮತ್ತು ಅಂಗಿಯನ್ನು ಗೊತ್ತುಮಾಡಲು ತೊಡಗಿತು. ಲಂಗ ತೊಟ್ಟ ಮಗು ಮರ ಹತ್ತುವಾಗ, ಓಡುವಾಗ, ನೆಲದ ಮೇಲೆ ಕೂರುವಾಗ ಒಂದು ಕೈಯಿಂದ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತಲೇ ಇರುವುದನ್ನು ನೋಡಿದವರಿಗೆ ಆ ನಿರ್ಧಾರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಶಾಲೆಯೊಂದು ಪ್ಲಸ್ ವನ್ (ಹನ್ನೊಂದನೆಯ) ತರಗತಿಗೆ ಪ್ಯಾಂಟು ಶರ್ಟನ್ನು ತಂದಾಗ ಮಾತ್ರ ಮುಸ್ಲಿಂ ಸಂಘಟನೆಗಳಿಂದ ಪ್ರತಿಭಟನೆ ನಡೆಯಿತು. ಹುಡುಗರ ಉಡುಪನ್ನು ಹುಡುಗಿಯರ ಮೇಲೆ ಹೇರಲಾಗುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಸಮವಸ್ತ್ರವನ್ನು ಬಲವಂತವಾಗಿ ಹೇರುವ ಉದ್ದೇಶ ಸರ್ಕಾರಕ್ಕಿಲ್ಲವೆಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ 2022ರ ಆಗಸ್ಟ್‌ನಲ್ಲಿ ವಿಧಾನಸಭೆಗೆ ತಿಳಿಸಿದರು.

ಆ ಆಕ್ಷೇಪದ ಎಲ್ಲ ಕಾರಣಗಳನ್ನು ನಾನು ಒಪ್ಪಲಾರೆ. ಆದರೂ ಅದರಲ್ಲಿ ಉತ್ತರಿಸಲೇಬೇಕಾದ ಒಂದು ಪ್ರಶ್ನೆಯಿದೆ. ಹುಡುಗಿ ಪ್ಯಾಂಟು ತೊಟ್ಟರೆ ಅದು ಸಮಾನತೆ, ಹುಡುಗ ಲಂಗ ತೊಟ್ಟರೆ ಅವಮಾನ ಎನ್ನುವುದಾದರೆ, ಗಂಡಿನ ಉಡುಪೇ ಎಲ್ಲರ ಉಡುಪೆಂದು ನಾವು ಒಪ್ಪಿಕೊಂಡಂತಾಗುತ್ತದೆ. ಕಿರಿಯರ ಶಾಲೆಯ ಉದ್ದನೆಯ ಚಡ್ಡಿ ನನಗೆ ಹೆಚ್ಚು ಮೆಚ್ಚುಗೆಯಾಗಲು ಕಾರಣ ಇದು: ಅಲ್ಲಿ ಗಮನವಿದ್ದುದು ಮಗು ಏನೇನು ಮಾಡಬೇಕೆಂಬುದರ ಕಡೆಗೆ.

ಅಂಗಡಿಗಳಲ್ಲಿ ಈ ಗಮನ ಇನ್ನೂ ಕಾಣುವುದಿಲ್ಲ. ನಾಲ್ಕು ವರ್ಷದ ಹುಡುಗಿಯರಿಗೆಂದು ನೇತುಹಾಕಿದ ಜೀನ್ಸ್‌ನ ಜೇಬಿಗೆ ಕೈ ಹಾಕಿ ನೋಡಿ: ಎಷ್ಟೋ ಸಲ ಅದು ಹೊರಗೆ ಕಾಣುವ ಹೊಲಿಗೆಯಷ್ಟೇ, ಬೆರಳು ಒಳಗೆ ಇಳಿಯುವುದಿಲ್ಲ. ಪಕ್ಕದ ಸಾಲಿನಲ್ಲಿ ಅದೇ ವಯಸ್ಸಿನ ಹುಡುಗರ ಪ್ಯಾಂಟಿಗೆ ಗೋಲಿ, ಹುಣಸೆಬೀಜ, ಅರ್ಧ ತಿಂದ ಚಿಕ್ಕಿ ಎಲ್ಲವೂ ಹಿಡಿಸುವಷ್ಟು ಆಳದ ಜೇಬುಗಳು ಎರಡೂ ಕಡೆ ಇರುತ್ತವೆ.