ಗಾಜಿನೊಳಗಿನ ಅಡಿಕೆ ತೋಟ

ಹೋದ ವರ್ಷ ಮಳೆಗಾಲಕ್ಕೆ ಮೊದಲು, ಶಿರಸಿ ಹತ್ತಿರದ ನಮ್ಮ ಹಳೆಮನೆಯ ಜಗಲಿಗೆ ದೊಡ್ಡ ಗಾಜು ಕೂರಿಸಿದೆವು. ಎರಚಲು ಒಳಗೆ ಬರಬಾರದು, ತೋಟ ಕಾಣಬೇಕು, ಅಷ್ಟೇ ಆಸೆ. ಹದಿನೈದು ದಿನವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಧಪ್ ಎಂದು ಸದ್ದಾಯಿತು. ಹೊರಗೆ ಹಸಿರು ರೆಕ್ಕೆ, ಕೆಂಪು ಕೊಕ್ಕಿನ ಕಾಡುಪಾರಿವಾಳವೊಂದು ಕುತ್ತಿಗೆ ವಾಲಿಸಿ ಬಿದ್ದಿತ್ತು. "ಇದಕ್ಕೆಂತ ಕಣ್ಣು ಕಾಣುದಿಲ್ವಾ?" ಎಂದರು ಅಪ್ಪ. ನಾನು ಅದು ಹಾರಿ ಬಂದ ಕಡೆಯಿಂದ ನಿಂತು ನೋಡಿದೆ. ಗಾಜಿನಲ್ಲಿ ಅಡಿಕೆ ಮರ, ಬಾಳೆ, ಆಕಾಶ ಎಲ್ಲ ಇತ್ತು. ನಮ್ಮ ತೋಟಕ್ಕಿಂತ ಸ್ವಲ್ಪ ಚೆನ್ನಾಗಿಯೇ ಇತ್ತು.

ಇದು ಹೊಸ ಸುದ್ದಿ ಏನಲ್ಲ. ಅಮೆರಿಕದ ಪಕ್ಷಿತಜ್ಞ ಡೇನಿಯಲ್ ಕ್ಲೆಮ್ 1970ರ ದಶಕದಲ್ಲೇ ಇದರ ಬೆನ್ನು ಹತ್ತಿದ್ದರು. ಅವರ ದೇಶದಲ್ಲಿ ವರ್ಷಕ್ಕೆ 10 ಕೋಟಿಯಿಂದ 100 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ ಎಂದು 1990ರಲ್ಲಿ ಅಂದಾಜು ಕೊಟ್ಟರು. ಎಷ್ಟು ಸಡಿಲ ಲೆಕ್ಕ ಅನಿಸುತ್ತದೆ ಅಲ್ವಾ? 2014ರಲ್ಲಿ ಬೇರೆ ವಿಜ್ಞಾನಿಗಳು ಹಲವು ಅಧ್ಯಯನ ಜೋಡಿಸಿ ಮತ್ತೆ ಲೆಕ್ಕ ಹಾಕಿದರು. ಬಂದ ಉತ್ತರ 36.5 ಕೋಟಿಯಿಂದ 98.8 ಕೋಟಿ.

ಆದರೆ ಅಂದಾಜು ಕೇಳಿ ಯಾರೂ ಕಟ್ಟಡದ ಗಾಜು ಬದಲಿಸುವುದಿಲ್ಲ. ಸತ್ತ ಹಕ್ಕಿಯನ್ನೇ ತಂದು ತೋರಿಸಬೇಕಾಯಿತು. ಕೆನಡಾದ ಟೊರಾಂಟೊದಲ್ಲಿ 1993ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. ನ್ಯೂಯಾರ್ಕಿನಲ್ಲಿ ಎನ್‌ವೈಸಿ ಆಡುಬಾನ್ ಎಂಬ ಸ್ಥಳೀಯ ಸಂಸ್ಥೆ 1997ರಲ್ಲಿ ಈ ಕೆಲಸಕ್ಕೆ ಇಳಿಯಿತು (2024ರಿಂದ ಅದರ ಹೆಸರು ಎನ್‌ವೈಸಿ ಬರ್ಡ್ ಅಲಯನ್ಸ್). ವಲಸೆಯ ದಿನಗಳಲ್ಲಿ ಸ್ವಯಂಸೇವಕರು ನಸುಕಿನಲ್ಲೇ ಹೊರಡುತ್ತಾರೆ. ಕಸ ಗುಡಿಸುವವರು ಬರುವ ಮೊದಲೇ ಕಟ್ಟಡಗಳ ಬುಡ ಸುತ್ತಿ ಸತ್ತ ಹಕ್ಕಿ ಆರಿಸುತ್ತಾರೆ. ಯಾವ ಜಾತಿ, ಯಾವ ಕಟ್ಟಡ, ಯಾವ ಮಗ್ಗುಲು ಎಂದು ಬರೆದಿಡುತ್ತಾರೆ. ಬೇಜಾರಿನ ಕೆಲಸ. ಫೋಟೊಕ್ಕೂ ಚೆಂದ ಇಲ್ಲ. 2021ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ವರ್ಲ್ಡ್ ಟ್ರೇಡ್ ಸೆಂಟರ್ ಸುತ್ತ ಒಬ್ಬರೇ ಸ್ವಯಂಸೇವಕಿ 200ಕ್ಕೂ ಹೆಚ್ಚು ಸತ್ತ ಹಕ್ಕಿ ಆರಿಸಿದರು.

ಆ "ಯಾವ ಮಗ್ಗುಲು" ಎಂಬ ಪ್ರಶ್ನೆಯೇ ಮುಖ್ಯ ಅಂತ ನನಗನಿಸುತ್ತದೆ. ಎಲ್ಲ ಗಾಜೂ ಒಂದೇ ತರ ಕೊಲ್ಲುವುದಿಲ್ಲ. ಎದುರಿಗೆ ಮರ ಇದ್ದು ಅದರ ಪ್ರತಿಬಿಂಬ ಮೂಡುವ ಗಾಜು ಅಪಾಯ. ಮೂಲೆಯಲ್ಲಿ ಎರಡು ಗಾಜು ಸೇರಿ ಆಚೆ ಬದಿ ಕಾಣಿಸಿದರೂ ಅಪಾಯ. ಕೊಲ್ಲುವ ಗೋಡೆ ಯಾವುದು ಎಂದು ಗೊತ್ತಾದರೆ ಅದನ್ನಷ್ಟೇ ಸರಿ ಮಾಡಬಹುದು. ನ್ಯೂಯಾರ್ಕಿನ ಜಾವಿಟ್ಸ್ ಸೆಂಟರ್ ಎಂಬ ದೈತ್ಯ ಸಭಾಭವನ ಹಕ್ಕಿಗಳ ಪಾಲಿಗೆ ಕುಖ್ಯಾತವಾಗಿತ್ತು. ದುರಸ್ತಿ ಮಾಡುವಾಗ ಸಣ್ಣ ಚುಕ್ಕೆಗಳಿರುವ ಗಾಜು ಹಾಕಿದರು. ಸಾವು ಸುಮಾರು 90 ಶೇಕಡಾ ಇಳಿಯಿತು. 2019ರ ಡಿಸೆಂಬರಿನಲ್ಲಿ ನಗರಸಭೆಯೇ ಕಾನೂನು ಒಪ್ಪಿತು. 2021ರ ಜನವರಿಯಿಂದ ಅಲ್ಲಿನ ಹೊಸ ಕಟ್ಟಡಗಳಿಗೆ ಹಕ್ಕಿಗೆ ಕಾಣುವಂಥ ಗಾಜು ಕಡ್ಡಾಯ.

ಚುಕ್ಕೆಯೋ ಗೆರೆಯೋ, ನಡುವಿನ ಜಾಗ ಸುಮಾರು 5 ಸೆಂಟಿಮೀಟರ್ ದಾಟಬಾರದು. ಗಾಜಿನ ಹೊರಬದಿಗೇ ಇರಬೇಕು. ಒಳಗೆ ಪರದೆ ಎಳೆದರೆ ಪ್ರತಿಬಿಂಬ ಹೋಗುವುದಿಲ್ಲ. ಮಧ್ಯದಲ್ಲೊಂದು ಗಿಡುಗದ ಸ್ಟಿಕ್ಕರ್ ಸುಮ್ನೆ ಅಲಂಕಾರ. ಹಕ್ಕಿ ಅದನ್ನು ತಪ್ಪಿಸಿ ಪಕ್ಕದಲ್ಲೇ ಬಡಿಯುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಒಳಕೋಣೆಯ ಹಳೆ ಕಿಟಕಿ ನೆನಪಾಯಿತು. ಮರದ ಸರಳು, ನಡುವೆ ಮೂರು ಬೆರಳ ಜಾಗ. ಅಜ್ಜ ಅದನ್ನು ಮಾಡಿಸಿದ್ದು ಕಳ್ಳರಿಗೆ, ಮಂಗಗಳಿಗೆ ಹೆದರಿ. ಆ ಕಿಟಕಿಗೆ ಹಕ್ಕಿ ಬಡಿದದ್ದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಈಗ ಊರೂರಲ್ಲೂ ಸರಳು ತೆಗೆದು ಗಾಜು ಹಾಕುತ್ತಿದ್ದಾರೆ. ಗೋಕರ್ಣ, ಕಾರವಾರದ ಕಡೆ ಸಮುದ್ರ ನೋಡಲೆಂದು ಗೋಡೆಗೆ ಗೋಡೆಯೇ ಗಾಜು. ಉತ್ತರದಿಂದ ರಾತ್ರಿ ಹಾರಿ ಬರುವ ನವರಂಗದಂಥ ಹಕ್ಕಿಗಳನ್ನು ದೀಪ ಬೇರೆ ಸೆಳೆಯುತ್ತದೆ. (ಬೈಕಿನ ಕನ್ನಡಿ ಜೊತೆ ಜಗಳಕ್ಕೆ ನಿಲ್ಲುವ ಮಡಿವಾಳ ಹಕ್ಕಿಯ ಕಥೆ ಬೇರೆ. ಅದಕ್ಕೆ ಕಾಣುವುದು ಎದುರಾಳಿ, ತೋಟವಲ್ಲ.)

ನಾವು ಗಾಜಿನ ಹೊರಗೆ ಮೇಲಿಂದ ಕೆಳಗೆ ನೈಲಾನ್ ದಾರ ಕಟ್ಟಿದೆವು. ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. "ಜೈಲಿನ ಹಾಗೆ ಕಾಣ್ತದೆ" ಎಂದು ಅಪ್ಪ ಒಂದು ವಾರ ಗೊಣಗಿದರು. ಆಮೇಲೆ ಧಪ್ ಸದ್ದು ಕೇಳಿದ್ದು ಒಮ್ಮೆ ಮಾತ್ರ, ದಾರ ಸಡಿಲಾಗಿದ್ದ ಮೂಲೆಯಲ್ಲಿ. ಈ ಸಲ ಪಿಕಳಾರ. ಬಾಯಿಗೆ ನೀರು ಹಾಕಲು ಹೋದ ಅಮ್ಮನನ್ನು ತಡೆದೆ. ತಲೆಗೆ ಪೆಟ್ಟಾದ ಹಕ್ಕಿಗೆ ಬೇಕಾದದ್ದು ಕತ್ತಲು ಮತ್ತು ಮೌನ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಒಂದು ಗಂಟೆ ಇಟ್ಟು ಮುಚ್ಚಳ ತೆಗೆದಾಗ ನೇರ ಪೇರಲೆ ಮರಕ್ಕೆ ಹಾರಿತು. ಮರುದಿನ ಏಣಿ ಹಾಕಿ ಆ ಮೂಲೆಯ ದಾರ ಬಿಗಿದವರು ಅಪ್ಪನೇ.