ಕೊಬ್ಬು, ಹೃದಯ ಮತ್ತು ಜನರ ಅಪನಂಬಿಕೆ: ತೆಂಗಿನ ನಾಡಿನ ವಿದ್ಯಾರ್ಥಿಗಳಿಗೊಂದು ಅಧ್ಯಯನ ಟಿಪ್ಪಣಿ

ಕಾಸರಗೋಡು ಜಿಲ್ಲೆಯಲ್ಲಿ ಆಹಾರಶಾಸ್ತ್ರವನ್ನೋ ನರ್ಸಿಂಗನ್ನೋ ಓದುತ್ತಿರುವ ನಾವು ಮನೆಮನೆ ಭೇಟಿಗೆ ಹೊರಟಾಗ ಎದುರಾಗುವ ಬಹುದೊಡ್ಡ ಪ್ರಶ್ನೆ ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಬದಿಯಡ್ಕವಿರಲಿ, ಪೆರ್ಲವಿರಲಿ, ಮಂಜೇಶ್ವರವಿರಲಿ, ಕೊಲೆಸ್ಟರಾಲಿನ ಮಾತು ತೆಗೆದ ಕೂಡಲೇ ಹಿರಿಯರು ಕೇಳುತ್ತಾರೆ: "ಒಮ್ಮೆ ತೆಂಗಿನೆಣ್ಣೆ ವಿಷ ಎಂದಿರಿ, ಆಮೇಲೆ ಒಳ್ಳೆಯದೇ ಎಂದಿರಿ. ಮೊಟ್ಟೆ ಬೇಡ ಎಂದಿರಿ, ಈಗ ತಿನ್ನಬಹುದು ಎನ್ನುತ್ತೀರಿ. ನಾಳೆ ಏನು ಹೇಳುತ್ತೀರೋ, ಯಾರಿಗೆ ಗೊತ್ತು?" ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಈ ಅಪನಂಬಿಕೆಗೆ ಒಂದು ಇತಿಹಾಸವಿದೆ. ಆ ಇತಿಹಾಸದ ನಡುವೆ "ಕಡಿಮೆ ಮಾಡಿ" ಎಂಬ ಮಾತು ಉಳಿದು, "ಅದರ ಬದಲಿಗೆ ಏನು?" ಎಂಬ ಪ್ರಶ್ನೆ ಕಳೆದುಹೋಯಿತು ಎಂಬುದು ಈ ಟಿಪ್ಪಣಿಯ ಮುಖ್ಯ ವಾದ.

1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಆ ಕಾಯಿಲೆ ಅಲ್ಲಿ ದೇಶದ ಚಿಂತೆಯಾಯಿತು. ರಕ್ತದ ಕೊಲೆಸ್ಟರಾಲಿಗೂ ಆಹಾರದ ಕೊಬ್ಬಿಗೂ ಸಂಬಂಧವಿದೆ ಎಂದು ಅದಾಗಲೇ ವಾದಿಸುತ್ತಿದ್ದ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅವರು 1958ರಲ್ಲಿ ಏಳು ದೇಶಗಳ ಅಧ್ಯಯನವನ್ನು ಆರಂಭಿಸಿದರು. 1961ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ನೀಡಿದ ಸಲಹೆಯಲ್ಲಿ ಪರ್ಯಾಪ್ತ ಕೊಬ್ಬನ್ನು (ಬೆಣ್ಣೆ, ತುಪ್ಪ, ತೆಂಗಿನೆಣ್ಣೆಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು) ಇಳಿಸಿ, ಅದರಲ್ಲೊಂದು ಪಾಲಿನ ಜಾಗಕ್ಕೆ ಸೂರ್ಯಕಾಂತಿ, ಸೋಯಾದಂಥ ಬಹು ಅಪರ್ಯಾಪ್ತ ಕೊಬ್ಬಿನ ಎಣ್ಣೆಗಳನ್ನು ತರಬೇಕೆಂದಿತ್ತು. ಎಂದರೆ ಮೊದಲ ಸಲಹೆಯಲ್ಲಿ ಬದಲಿಯ ಮಾತು ಇತ್ತು. 1968ರಲ್ಲಿ ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆಯ ಹಳದಿ ಬೇಡ ಎಂಬ ಮಿತಿ ಬಂತು. 1977ರಲ್ಲಿ ಸೆನೆಟರ್ ಮೆಕ್‌ಗವರ್ನ್ ಸಮಿತಿಯ ಆಹಾರ ಗುರಿಗಳು, 1980ರಲ್ಲಿ ಅಲ್ಲಿನ ಸರಕಾರದ ಮೊದಲ ಆಹಾರ ಮಾರ್ಗಸೂಚಿ ಪ್ರಕಟವಾದವು. ಈ ಹಾದಿಯಲ್ಲಿ ಜನರ ಕಿವಿಗೆ ತಲುಪಿದ್ದು ಒಂದೇ ಮಾತು: ಕೊಬ್ಬು ಕೆಟ್ಟದ್ದು. ತಯಾರಕರು ಬಿಸ್ಕತ್ತಿನಿಂದಲೂ ಮೊಸರಿನಿಂದಲೂ ಕೊಬ್ಬನ್ನು ತೆಗೆದು, ರುಚಿಗೆ ಸಕ್ಕರೆಯನ್ನೂ ಪಿಷ್ಟವನ್ನೂ ತುಂಬಿ, "ಕೊಬ್ಬುರಹಿತ" ಎಂಬ ಚೀಟಿ ಅಂಟಿಸಿ ಮಾರಿದರು. ಮೊಟ್ಟೆಯ ವಿಷಯದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಅಂಕೆಯ ಮಿತಿಯನ್ನು 2015–2020ರ ಮಾರ್ಗಸೂಚಿ ಕೈಬಿಟ್ಟಿತು. ಅರ್ಧ ಶತಮಾನ ಜನರನ್ನು ಹೆದರಿಸಿದ ಮಿತಿ ಯಾಕೆ ಹೋಯಿತು ಎಂದು ವಿವರಿಸುವ ಹೊಣೆಯನ್ನು, ಅದನ್ನು ಸಾರುವಾಗ ತೋರಿದ ಉತ್ಸಾಹದಿಂದ ಯಾರೂ ಹೊರಲಿಲ್ಲ.

ಅಪನಂಬಿಕೆಗೆ ಅತ್ಯಂತ ಗಟ್ಟಿಯಾದ ಆಧಾರವಿರುವುದು ಟ್ರಾನ್ಸ್ ಕೊಬ್ಬಿನ ಪ್ರಕರಣದಲ್ಲಿ. ಇದನ್ನು ನಿಧಾನವಾಗಿ ಓದಬೇಕು. ದ್ರವರೂಪದ ಸಸ್ಯಜನ್ಯ ಎಣ್ಣೆಗೆ ಜಲಜನಕವನ್ನು ಭಾಗಶಃ ಸೇರಿಸಿದರೆ ಅದು ಗಟ್ಟಿಯಾಗುತ್ತದೆ, ಬೇಗ ಕಮಟುವುದಿಲ್ಲ, ಅಗ್ಗವಾಗಿಯೂ ಸಿಗುತ್ತದೆ. ನಮ್ಮ ದೇಶದಲ್ಲಿ 1937ರಲ್ಲಿ ಬಂದ ಡಾಲ್ಡಾ ಇದೇ ಬಗೆಯ ವನಸ್ಪತಿ. ಈ ಕ್ರಿಯೆಯಲ್ಲಿ ಕೊಬ್ಬಿನಾಮ್ಲದ ಕೆಲವು ದ್ವಿಬಂಧಗಳು ಬಾಗಿದ ಸಿಸ್ ರೂಪದಿಂದ ನೇರವಾದ ಟ್ರಾನ್ಸ್ ರೂಪಕ್ಕೆ ತಿರುಗುತ್ತವೆ; ಇದೇ ಟ್ರಾನ್ಸ್ ಕೊಬ್ಬು. ಹಸುವಿನ ತುಪ್ಪಕ್ಕಿಂತ, ತೆಂಗಿನೆಣ್ಣೆಗಿಂತ ಇಂಥದ್ದು ಹೃದಯಕ್ಕೆ ಮೇಲೆಂದು ನಂಬಲಾಗಿದ್ದ ದಿನಗಳಲ್ಲಿ, 1988ರಲ್ಲಿ, ಸ್ವತಃ ಹೃದಯಾಘಾತದಿಂದ ಬದುಕುಳಿದಿದ್ದ ಫಿಲ್ ಸೊಕೊಲಾಫ್ ಎಂಬ ಅಮೆರಿಕದ ಉದ್ಯಮಿ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಕೊಟ್ಟು, ತೆಂಗಿನೆಣ್ಣೆ ಮತ್ತು ತಾಳೆ ಎಣ್ಣೆ ಬಳಸುವ ಕಂಪನಿಗಳು ಅಮೆರಿಕಕ್ಕೆ ವಿಷವುಣಿಸುತ್ತಿವೆ ಎಂದು ಸಾರಿದರು. ಸೋಯಾ ಬೆಳೆಗಾರರ ಸಂಘವೂ ಅದೇ ಕಾಲದಲ್ಲಿ ಉಷ್ಣವಲಯದ ಎಣ್ಣೆಗಳ ವಿರುದ್ಧ ಪ್ರಚಾರ ನಡೆಸಿತ್ತು. ಕಂಪನಿಗಳು ಮಣಿದವು, ಆದರೆ ಬಿಟ್ಟ ಎಣ್ಣೆಯ ಜಾಗಕ್ಕೆ ಬಹಳಷ್ಟು ಕಡೆ ಬಂದದ್ದು ಭಾಗಶಃ ಜಲಜನಕೀಕರಿಸಿದ ಸೋಯಾ ಎಣ್ಣೆ. 1990ರಲ್ಲಿ ನೆದರ್‌ಲ್ಯಾಂಡ್ಸಿನ ಮೆನ್ಸಿಂಕ್ ಮತ್ತು ಕಾಟನ್ ನಡೆಸಿದ ಪ್ರಯೋಗವು, ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ("ಕೆಟ್ಟ" ಕೊಲೆಸ್ಟರಾಲ್) ಏರಿಸುವುದಷ್ಟೇ ಅಲ್ಲ, ಎಚ್‌ಡಿಎಲ್ ಅನ್ನು ("ಒಳ್ಳೆಯ" ಕೊಲೆಸ್ಟರಾಲ್) ಇಳಿಸುತ್ತದೆ ಎಂದೂ ತೋರಿಸಿತು. ಹಾನಿಕರವೆಂದು ಬಿಡಿಸಿದ್ದಕ್ಕಿಂತ ಅದರ ಬದಲು ತಂದದ್ದು ಹೆಚ್ಚು ಹಾನಿಕರವಾಗಿತ್ತು. ಅಮೆರಿಕ ಇಂಥ ಎಣ್ಣೆಗಳನ್ನು ಸುರಕ್ಷಿತ ಪದಾರ್ಥಗಳ ಪಟ್ಟಿಯಿಂದ ತೆಗೆಯಲು 2015ರ ವರೆಗೆ ಕಾದಿತು. ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿನ ಟ್ರಾನ್ಸ್ ಕೊಬ್ಬಿನ ಮಿತಿ 2021ರಲ್ಲಿ ಶೇಕಡಾ 3ಕ್ಕೆ, 2022ರಲ್ಲಿ ಶೇಕಡಾ 2ಕ್ಕೆ ಇಳಿಯಿತು. ಆ ಮೂರು ದಶಕಗಳಲ್ಲಿ ಬೇಕರಿಯ ಪಫ್ಸನ್ನೂ ಸಿಹಿಯನ್ನೂ ತಿಂದವರಿಗೆ ಯಾರೂ ಕ್ಷಮೆ ಕೇಳಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಇದಕ್ಕೆ ಹಣದ ವಿಷಯವೂ ಸೇರಿಕೊಂಡಿತು. ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನವು ಹಾರ್ವರ್ಡಿನ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟು, ಸಕ್ಕರೆಯ ಮೇಲಿನ ಅನುಮಾನವನ್ನು ಹಗುರಗೊಳಿಸಿ ಕೊಬ್ಬಿನತ್ತ ಬೆರಳು ತೋರಿಸುವ ವಿಮರ್ಶಾ ಲೇಖನವನ್ನು 1967ರಲ್ಲಿ ಬರೆಸಿದ್ದು 2016ರಲ್ಲಿ ಹಳೆಯ ಕಾಗದಪತ್ರಗಳಿಂದ ಬಯಲಾಯಿತು. ಆದರೆ ಇದರಿಂದ ಸಕ್ಕರೆಗೆ ಸಿಕ್ಕ ರಿಯಾಯಿತಿ ತಪ್ಪೆಂದು ತಿಳಿಯುತ್ತದೆಯೇ ಹೊರತು ಪರ್ಯಾಪ್ತ ಕೊಬ್ಬು ನಿರಪರಾಧಿ ಎಂದು ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡನ್ನು ಬೆರೆಸುವ ಉತ್ತರಗಳು ಬಹಳ.

ಅಪನಂಬಿಕೆ ದಾರಿ ತಪ್ಪುವುದೂ ಇಲ್ಲಿಯೇ. ಸಲಹೆಗಾರರು ಎಡವಿದರು ಎಂಬುದು, ಸಲಹೆಯ ಪ್ರತಿಯೊಂದು ಸಾಲೂ ಸುಳ್ಳು ಎಂಬುದಕ್ಕೆ ಸಾಕ್ಷಿಯಲ್ಲ. ಎಲ್‌ಡಿಎಲ್ ರಕ್ತನಾಳಗಳಿಗೆ ಹಾನಿ ಮಾಡುತ್ತದೆ ಎಂಬ ತೀರ್ಮಾನ ಆಹಾರದ ಸಮೀಕ್ಷೆಗಳ ಮೇಲೆ ಮಾತ್ರ ನಿಂತಿಲ್ಲ. ರಕ್ತದಿಂದ ಎಲ್‌ಡಿಎಲ್ ಅನ್ನು ಹಿಡಿದು ತೆಗೆಯುವ, ಜೀವಕೋಶಗಳ ಮೇಲಿನ ಎಲ್‌ಡಿಎಲ್ ಗ್ರಾಹಕವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆ ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿರುವ ಕುಟುಂಬಗಳಲ್ಲಿ ಎಳೆಯ ಪ್ರಾಯದಲ್ಲೇ ಹೃದಯಾಘಾತಗಳಾಗುತ್ತವೆ. ಇನ್ನೊಂದು ಕಡೆ, ಪಿಸಿಎಸ್‌ಕೆ9 ಎಂಬ ಜೀನಿನ ವ್ಯತ್ಯಾಸದಿಂದ ಹುಟ್ಟಿನಿಂದಲೇ ಎಲ್‌ಡಿಎಲ್ ಶೇಕಡಾ 28ರಷ್ಟು ಕಡಿಮೆಯಿದ್ದ ಆಫ್ರಿಕನ್-ಅಮೆರಿಕನ್ನರಲ್ಲಿ ಹೃದಯ ರಕ್ತನಾಳದ ಕಾಯಿಲೆ ಶೇಕಡಾ 88ರಷ್ಟು ಕಡಿಮೆಯಿತ್ತೆಂದು 2006ರಲ್ಲಿ ವರದಿಯಾಯಿತು. ಅವರಲ್ಲಿ ಎಲ್‌ಡಿಎಲ್ ಕಡಿಮೆಯಿದ್ದದ್ದು ಊಟದಿಂದಲ್ಲ, ಜೀನಿನಿಂದ.

ಹಾಗಾದರೆ ಕೊಬ್ಬು ಕಡಿಮೆ ಮಾಡಿಸಿದ ಪ್ರಯೋಗಗಳು ಯಾಕೆ ಒಂದೇ ಉತ್ತರ ಕೊಡಲಿಲ್ಲ? ಅಮೆರಿಕದ 48,835 ಮಹಿಳೆಯರ ಮೇಲೆ ಸುಮಾರು ಎಂಟು ವರ್ಷ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟು ಕೊಬ್ಬನ್ನು ಇಳಿಸಿ ತರಕಾರಿ, ಹಣ್ಣು, ಧಾನ್ಯ ಹೆಚ್ಚಿಸಲು ಹೇಳಿದ್ದರು. ಹೃದ್ರೋಗದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಆದರೆ ಪರ್ಯಾಪ್ತ ಕೊಬ್ಬನ್ನು ನಿರ್ದಿಷ್ಟವಾಗಿ ಇಳಿಸಿದ ದೀರ್ಘ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ, ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯಲ್ಲಿ ಹೃದಯ ಮತ್ತು ರಕ್ತನಾಳದ ಒಟ್ಟು ಘಟನೆಗಳು ಸುಮಾರು ಶೇಕಡಾ 17ರಷ್ಟು ಕಡಿಮೆಯಾಗಿದ್ದವು. ಸಾವುಗಳ ಒಟ್ಟು ಸಂಖ್ಯೆಯಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸವಿರಲಿಲ್ಲ. 2009ರಲ್ಲಿ ಜನರ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದ ಹನ್ನೊಂದು ಸಮೂಹ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಪರ್ಯಾಪ್ತ ಕೊಬ್ಬಿನ ಜಾಗಕ್ಕೆ ಬಹು ಅಪರ್ಯಾಪ್ತ ಕೊಬ್ಬು ಬಂದಲ್ಲಿ ಅಪಾಯ ಇಳಿದಿತ್ತು, ಕಾರ್ಬೋಹೈಡ್ರೇಟ್ ಬಂದಲ್ಲಿ ಇಳಿದಿರಲಿಲ್ಲ. ಬೆಣ್ಣೆ ಬಿಟ್ಟು ಮೈದಾ ಬನ್ನು ತಿಂದವನಿಗೂ, ಬೆಣ್ಣೆ ಬಿಟ್ಟು ಶೇಂಗಾ ತಿಂದವನಿಗೂ ಒಂದೇ ಫಲ ಸಿಗದು.

ಈಗ ನಮ್ಮ ತೆಂಗಿನೆಣ್ಣೆಗೆ ಬರೋಣ. ಅದರ ಕೊಬ್ಬಿನಲ್ಲಿ ಹತ್ತರಲ್ಲಿ ಎಂಟು-ಒಂಬತ್ತು ಪಾಲು ಪರ್ಯಾಪ್ತವಾದದ್ದು, ಅದರಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲವೆಂಬ ಕೊಬ್ಬಿನಾಮ್ಲ. 2018ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕಿಯೊಬ್ಬರು ಜರ್ಮನಿಯ ಉಪನ್ಯಾಸವೊಂದರಲ್ಲಿ ಇದನ್ನು "ಶುದ್ಧ ವಿಷ" ಎಂದಾಗ ಕೇರಳದಲ್ಲಿ ದೊಡ್ಡ ಗದ್ದಲವೆದ್ದಿತು, ಭಾರತದ ತೋಟಗಾರಿಕಾ ಆಯುಕ್ತರು ಪತ್ರ ಬರೆದು ಆಕ್ಷೇಪಿಸಿದರು. ಆ ಪದ ವಿಜ್ಞಾನದ ಪದವಲ್ಲ. ಜನರ ವಿಶ್ವಾಸ ಕೆಡಿಸುವುದಕ್ಕೆ ಅಂಥದ್ದೊಂದು ಮಾತು ಸಾಕು. ಅಂಕಿಗಳು ಹೇಳುವುದು ಹೀಗೆ: 2020ರಲ್ಲಿ 16 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ, ಎಚ್‌ಡಿಎಲ್ ಅನ್ನು ಸುಮಾರು 4 ಮಿಲಿಗ್ರಾಂ ಏರಿಸಿತು. ಕೊಚ್ಚಿಯಲ್ಲಿ ಹೃದ್ರೋಗವಿದ್ದ 200 ಮಂದಿಗೆ ಎರಡು ವರ್ಷ ತೆಂಗಿನೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಕೊಟ್ಟು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪಾಯದ ಅಂಶಗಳಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆದರೆ ಹೃದಯಾಘಾತಗಳ ಸಂಖ್ಯೆಯಲ್ಲಿ ವ್ಯತ್ಯಾಸ ಹಿಡಿಯಬೇಕಾದರೆ 200 ಮಂದಿ ತೀರ ಕಡಿಮೆ. ಹಾಗೆಯೇ ನಮ್ಮ ಊರಿನ ಪಕ್ಷಪಾತವನ್ನೂ ಮರೆಯಬಾರದು. ತೆಂಗಿನ ಧಾರಣೆಯ ಮೇಲೆ ಬದುಕುವ ಜಿಲ್ಲೆ ಇದು, ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯೂ ಕಾಸರಗೋಡಿನಲ್ಲೇ ಇದೆ. ಸೋಯಾ ಬೆಳೆಗಾರರ ಹಿತಾಸಕ್ತಿಯನ್ನು ಪ್ರಶ್ನಿಸುವ ನಾವು ತೆಂಗು ಬೆಳೆಗಾರರಾದ ನಮ್ಮ ಹಿತಾಸಕ್ತಿಯನ್ನೂ ಅದೇ ಅಳತೆಯಲ್ಲಿ ನೋಡಬೇಕು.

ಒಂದು ಲೆಕ್ಕವನ್ನು ಕೈಯಾರೆ ಮಾಡಿ. ದಿನಕ್ಕೆ 2,000 ಕಿಲೋಕ್ಯಾಲರಿ ತಿನ್ನುವವರಿಗೆ ಪರ್ಯಾಪ್ತ ಕೊಬ್ಬಿಗೆ ಸಾಮಾನ್ಯವಾಗಿ ಹೇಳುವ ಮಿತಿಯಾದ ಶೇಕಡಾ 10 ಎಂದರೆ 200 ಕಿಲೋಕ್ಯಾಲರಿ. ಗ್ರಾಂಗೆ 9ರಂತೆ ಭಾಗಿಸಿದರೆ ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 12 ಗ್ರಾಂ ಪರ್ಯಾಪ್ತ ಕೊಬ್ಬಿದೆ. ಕೊದ್ದೆಲು, ಮೇಲಾರ, ಚಟ್ನಿಗಳ ಮೂಲಕ ಒಬ್ಬರ ಪಾಲಿಗೆ ಬರುವ ತೆಂಗಿನತುರಿ 50 ಗ್ರಾಂ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು 15 ಗ್ರಾಂ. ಒಟ್ಟು 27. ಹಾಲು, ಮೊಸರು, ಮೀನು, ಸಂಜೆಯ ಹಪ್ಪಳ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ತುರಿಯಲ್ಲಿ ನಾರಿನಂಶವೂ ಇದೆ, ಆದ್ದರಿಂದ ಅದನ್ನೂ ಎಣ್ಣೆಯನ್ನೂ ಪೂರ್ತಿ ಸಮವೆನ್ನಲಾಗದು. ಆದರೂ ಎಣ್ಣೆಯ ಬಾಟಲಿಯನ್ನಷ್ಟೇ ನೋಡಿ ಸಲಹೆ ಕೊಡುವುದು ಈ ಊರಿನ ಅಡುಗೆಗೆ ಸಾಲದು ಎಂಬುದು ಇದರಿಂದ ಕಾಣುತ್ತದೆ.

"ನಮ್ಮ ಅಜ್ಜ ತೊಂಬತ್ತರವರೆಗೂ ತೆಂಗಿನೆಣ್ಣೆಯನ್ನೇ ತಿಂದವರು" ಎಂಬ ವಾದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಅಜ್ಜನ ಕಾಲದಲ್ಲಿ ತೋಟದ ಕೆಲಸ, ಗುಡ್ಡ ಹತ್ತಿಳಿಯುವ ನಡಿಗೆ ಇತ್ತು, ಕರಿದ ತಿಂಡಿ ಹಬ್ಬಕ್ಕೆ ಮಾತ್ರ ಇತ್ತು. ಜೊತೆಗೆ, ಐವತ್ತರಲ್ಲೇ ತೀರಿಕೊಂಡವರ ಎದೆನೋವಿಗೆ ಆಗ ಹೆಸರಿಟ್ಟವರಿರಲಿಲ್ಲ. ಬಾಳಿದವರನ್ನು ಮಾತ್ರ ಎಣಿಸಿ ತೀರ್ಮಾನಕ್ಕೆ ಬರಲಾಗದು.

ವಿಶ್ವಾಸವನ್ನು ಗಳಿಸಿದ ಒಂದು ಉದಾಹರಣೆಯೂ ಇದೆ. ಫಿನ್‌ಲ್ಯಾಂಡಿನ ಉತ್ತರ ಕರೇಲಿಯಾದಲ್ಲಿ 1972ರಲ್ಲಿ ಪೆಕ್ಕಾ ಪುಸ್ಕಾ ಅವರ ತಂಡ ಮಹಿಳಾ ಸಂಘಗಳ ಜೊತೆಗೂಡಿ ಊರಿನ ಅಡುಗೆಯನ್ನೇ ತಿದ್ದಿ ತೋರಿಸಿತು, ಹಾಲು ಉತ್ಪಾದಕರಿಗೆ ಹಣ್ಣು ಬೆಳೆಯುವ ದಾರಿ ಮಾಡಿಕೊಟ್ಟಿತು. ಧೂಮಪಾನ ಮತ್ತು ರಕ್ತದೊತ್ತಡದ ಕೆಲಸವೂ ಅದರ ಜೊತೆಗಿತ್ತು. ನಾಲ್ಕು ದಶಕಗಳಲ್ಲಿ ದುಡಿಯುವ ಪ್ರಾಯದ ಗಂಡಸರ ಹೃದ್ರೋಗದ ಸಾವು ಶೇಕಡಾ 80ಕ್ಕಿಂತ ಹೆಚ್ಚು ಇಳಿಯಿತು.

ನಮ್ಮಲ್ಲಿ ಆಸ್ಪತ್ರೆಯ ಆಹಾರದ ಚೀಟಿಗಳು ಹಲವು ಬಾರಿ ಕನ್ನಡ ಮನೆಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ತಲುಪುತ್ತವೆ, ಅವುಗಳಲ್ಲಿ ಬೇಡವಾದವುಗಳ ಪಟ್ಟಿ ಮಾತ್ರ ಇರುತ್ತದೆ. ಅಭ್ಯಾಸಕ್ಕೆಂದು ನಾವೇ ಕುಂಬಳೆಯ ಒಂದು ಮನೆಗೆ ಚೀಟಿ ಬರೆಯುವುದಾದರೆ ಹೀಗೆ ಬರೆಯಬಹುದು. ಒಗ್ಗರಣೆಗೆ ತೆಂಗಿನೆಣ್ಣೆ ಸ್ವಲ್ಪ ಇರಲಿ, ಉಳಿದ ಅಡುಗೆಗೆ ಎಳ್ಳೆಣ್ಣೆ ಅಥವಾ ಶೇಂಗಾ ಎಣ್ಣೆ ಬಳಸಿ. ತುರಿ ಹೆಚ್ಚು ಹಾಕಿದ ದಿನ ಎಣ್ಣೆ ಇಳಿಸಿ. ಮೀನು ತಿನ್ನುವವರು ಬೂತಾಯಿ, ಬಂಗುಡೆಯನ್ನು ಕರಿಯುವ ಬದಲು ಸಾರಿಗೆ ಹಾಕಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಸಂಜೆಯ ಚಹಾಕ್ಕೆ ಬೇಕರಿ ತಿಂಡಿಯ ಬದಲು ಬೇಯಿಸಿದ ಕಡಲೆ ಇರಲಿ. ವೈದ್ಯರು ಕೊಲೆಸ್ಟರಾಲಿನ ಮಾತ್ರೆ ಕೊಟ್ಟಿದ್ದರೆ, ಎಣ್ಣೆ ಬದಲಿಸಿದೆವೆಂದು ಅದನ್ನು ನಿಲ್ಲಿಸಬೇಡಿ. ಚೀಟಿಯ ಕೆಳಗೆ ಬರೆದ ವರ್ಷವನ್ನು ನಮೂದಿಸಿ, ಬೇಕರಿ ತಿಂಡಿಯ, ಎಂದರೆ ಟ್ರಾನ್ಸ್ ಕೊಬ್ಬಿನ, ಸಾಲು ಖಚಿತವಾದದ್ದು, ತೆಂಗಿನೆಣ್ಣೆಯ ಪ್ರಮಾಣದ ಸಾಲು ಹೊಸ ಪ್ರಯೋಗಗಳಿಂದ ಬದಲಾಗಬಹುದಾದದ್ದು ಎಂದು ಬೇರೆ ಬೇರೆಯಾಗಿ ಗುರುತು ಹಾಕಿ ಕೊಡಬೇಕು.