79 ಕೆ.ಜಿ. ತೂಕದ ಬಾಕ್ಸರ್ ಹೆವಿವೇಟ್ ವಿಭಾಗಕ್ಕೆ ಹೋಗಬಹುದೇ?

ಪ್ರಶ್ನೆ: ನಮ್ಮ ಊರು ತೀರ್ಥಹಳ್ಳಿ ಕಡೆ. ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಾ ಬಾಕ್ಸಿಂಗ್ ಅಭ್ಯಾಸ ಮಾಡುತ್ತಿದ್ದೇನೆ. ವಯಸ್ಸು 20, ಎತ್ತರ 5 ಅಡಿ 10 ಅಂಗುಲ, ತೂಕ 79 ಕೆ.ಜಿ. ನನ್ನ ತೂಕದ ವಿಭಾಗದಲ್ಲಿ ಪೈಪೋಟಿ ಬಹಳ. ಹೆವಿವೇಟ್‌ನಲ್ಲಿ ಹುಡುಗರೇ ಇರುವುದಿಲ್ಲ, ತೂಕ ಏರಿಸಿಕೊಂಡು ಅಲ್ಲಿಗೆ ಹೋದರೆ ಪದಕ ಸಿಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಹೋಗಬಹುದೇ ಸರ್?

ಉತ್ತರ: ಹೆವಿವೇಟ್‌ಗೆ ಹೋಗಬೇಡಿ. ಒಂದು ಮೆಟ್ಟಿಲು ಮೇಲಕ್ಕೆ, ಅಂದರೆ 85 ಕೆ.ಜಿ. ವಿಭಾಗಕ್ಕೆ ಹೋಗುವ ವಿಚಾರವನ್ನು ಬೇಕಾದರೆ ಮಾಡಬಹುದು. ಸಣ್ಣ ತೂಕದ ಬಾಕ್ಸರ್‌ಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವರ್ಲ್ಡ್ ಬಾಕ್ಸಿಂಗ್ ಸಂಸ್ಥೆ 2025ರಲ್ಲಿ ಜಾರಿಗೆ ತಂದ ಪಟ್ಟಿಯಲ್ಲಿ ಪುರುಷರಿಗೆ 80, 85, 90 ಮತ್ತು 90 ಕೆ.ಜಿ. ಮೇಲ್ಪಟ್ಟ ವಿಭಾಗಗಳಿವೆ. ನೀವು ಹೆವಿವೇಟ್ ಎನ್ನುತ್ತಿರುವುದು ಈ ಕೊನೆಯದನ್ನು. ಉಳಿದ ಎಲ್ಲ ವಿಭಾಗಗಳಲ್ಲೂ ಎದುರಾಳಿಯ ತೂಕಕ್ಕೆ ಒಂದು ಗರಿಷ್ಠ ಮಿತಿ ಇರುತ್ತದೆ; ಇಲ್ಲಿ ಮಾತ್ರ ಇಲ್ಲ. ನೀವು ಹೊಟ್ಟೆ ತುಂಬಾ ಉಂಡು, ನೀರು ಕುಡಿದು, ತಕ್ಕಡಿಯ ಮೇಲೆ ಹೇಗೋ 91 ತೋರಿಸಿದರೂ ಎದುರು ಬರುವವರು 95 ಕೆ.ಜಿ. ಇರಬಹುದು, 115 ಕೆ.ಜಿ.ಯೂ ಇರಬಹುದು, ಮತ್ತು ಅದಕ್ಕೆ ನೀವು ಆಕ್ಷೇಪ ಎತ್ತುವಂತಿಲ್ಲ. ಇದರ ಜೊತೆಗೆ, 2016ರ ರಿಯೊ ಒಲಿಂಪಿಕ್ಸ್‌ನಿಂದೀಚೆಗೆ ಹಿರಿಯರ ವಿಭಾಗದ ಪುರುಷರು ಒಲಿಂಪಿಕ್ಸ್‌ನಲ್ಲಿ ಹೆಡ್‌ಗಾರ್ಡ್ ಇಲ್ಲದೆಯೇ ಆಡುತ್ತಿದ್ದಾರೆ ಎಂಬುದನ್ನೂ ನೆನಪಿಡಬೇಕು.

ಸ್ನೇಹಿತರ ಮಾತು ಸುಳ್ಳಲ್ಲ. ಜಿಲ್ಲಾ ಮಟ್ಟದಲ್ಲಿ ಭಾರದ ವಿಭಾಗಗಳಲ್ಲಿ ಸ್ಪರ್ಧಿಗಳು ಕಡಿಮೆ, ಕೆಲವೊಮ್ಮೆ ಒಂದು ಬೈ (ಪಂದ್ಯ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಸಿಕ್ಕಿದರೆ ಫೈನಲ್‌ನಲ್ಲೇ ಇರುತ್ತೀರಿ. ಆದರೆ ಹಾಗೆ ಆಯ್ಕೆಯಾದವರು ಮುಂದೆ ರಾಷ್ಟ್ರೀಯ ಮಟ್ಟದಲ್ಲಿ ಎದುರಿಸಬೇಕಾದದ್ದು ಸರ್ವಿಸಸ್ (ಸೇನಾಪಡೆಗಳ ತಂಡ), ರೈಲ್ವೆ ಮತ್ತು ಹರಿಯಾಣದ ಬಾಕ್ಸರ್‌ಗಳನ್ನು. ಅವರಲ್ಲಿ ಹೆಚ್ಚಿನವರು ಮೊದಲಿನಿಂದಲೂ ದೊಡ್ಡ ಮೈಕಟ್ಟಿನವರು, ವರ್ಷವಿಡೀ ತಮ್ಮಷ್ಟೇ ತೂಕದವರೊಂದಿಗೆ ಸ್ಪಾರಿಂಗ್ (ಅಭ್ಯಾಸದ ಪಂದ್ಯ) ಮಾಡುವವರು. ಬೈ ಪಡೆದು ಅಲ್ಲಿಗೆ ಹೋದ ಹುಡುಗನಿಗೆ ಮೊದಲ ನಿಜವಾದ ಪಂದ್ಯ ಅದೇ ಆಗಿರುತ್ತದೆ. ನನಗೆ ಆತಂಕವಾಗುವುದು ಇಲ್ಲೇ.

ತೂಕದ ವ್ಯತ್ಯಾಸ ಅಂದಕೂಡಲೇ ಎಲ್ಲರೂ ಪಂಚ್‌ನ ಬಲವನ್ನಷ್ಟೇ ಯೋಚಿಸುತ್ತಾರೆ. ಅದಕ್ಕಿಂತ ಹೆಚ್ಚು ಸುಸ್ತು ಮಾಡುವುದು ಕ್ಲಿಂಚ್. ಇಬ್ಬರೂ ಹತ್ತಿರ ಬಂದು ತೋಳಿಗೆ ತೋಳು ಸಿಕ್ಕಿಕೊಂಡಾಗ, ಅನುಭವವಿರುವ ದೊಡ್ಡ ಬಾಕ್ಸರ್ ತನ್ನ ಮುಂಗೈಯನ್ನು ಸಣ್ಣವನ ಕತ್ತಿನ ಹಿಂಭಾಗಕ್ಕೆ ಒತ್ತಿ, ಎದೆಯ ಭಾರವನ್ನೆಲ್ಲ ಅವನ ಭುಜದ ಮೇಲೆ ಬಿಡುತ್ತಾನೆ. ರೆಫರಿ ಬಿಡಿಸುವ ಹೊತ್ತಿಗೆ ಕೆಲವೇ ಸೆಕೆಂಡು ಕಳೆದಿರುತ್ತದೆ, ಆದರೆ ಆ ಸೆಕೆಂಡುಗಳಲ್ಲಿ ಸಣ್ಣವನ ಕತ್ತು, ಸೊಂಟ, ಮೀನಖಂಡ ಮೂರೂ ಆ ಭಾರವನ್ನು ಹೊತ್ತಿರುತ್ತವೆ. ಮೂರು ನಿಮಿಷದ ಎರಡು ಸುತ್ತುಗಳಲ್ಲಿ ಇದು ಹತ್ತಾರು ಸಲ ನಡೆದರೆ, ಮೂರನೇ ಸುತ್ತಿಗೆ ಅವನ ಕಾಲು ನಿಧಾನವಾಗುತ್ತದೆ. ಸಣ್ಣ ಬಾಕ್ಸರ್‌ಗೆ ದೊಡ್ಡವನ ಮುಂದೆ ಇರುವ ಆಸ್ತಿಯೇ ಕಾಲಿನ ಚುರುಕು. ಅದು ಹೋದ ಮೇಲೆ ಅವನು ನಿಂತಲ್ಲೇ ಪೆಟ್ಟು ತಿನ್ನಬೇಕಾಗುತ್ತದೆ.

ನಮ್ಮ ಕಡೆಯ ಜಾತ್ರೆ ಕುಸ್ತಿ ನೋಡಿ ಬೆಳೆದವರು ಇದಕ್ಕೊಂದು ಎದುರು ಮಾತು ಹೇಳುವುದುಂಟು: ಸಣ್ಣ ಪೈಲ್ವಾನ ದೊಡ್ಡವನನ್ನು ಚಿತ್ ಮಾಡುವುದಿಲ್ಲವೇ ಎಂದು. ಮಾಡುತ್ತಾನೆ. ಆದರೆ ಕುಸ್ತಿಯಲ್ಲಿ ಎದುರಾಳಿಯ ಭಾರವನ್ನೇ ಹಿಡಿದು ತಿರುಗಿಸಿ ಅವನನ್ನು ಕೆಡವುವ ಪಟ್ಟುಗಳಿವೆ, ತಲೆಗೆ ಹೊಡೆಯುವುದು ಅಲ್ಲಿಲ್ಲ. ಅಖಾಡದಲ್ಲಿ ಕೂಡ ಹಿರಿಯರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ಬಾಕ್ಸಿಂಗ್‌ನ ಗ್ಲೌಸ್ ಕೈಯನ್ನು ಕಾಪಾಡುವಷ್ಟು ಮಿದುಳನ್ನು ಕಾಪಾಡುವುದಿಲ್ಲ.

ಕೆಳಗಿನ ವಿಭಾಗದಿಂದ ಬಂದು ಹೆವಿವೇಟ್ ಗೆದ್ದವರು ಇದ್ದಾರೆ, ಅವರ ಹೆಸರುಗಳು ನಿಮಗೂ ಗೊತ್ತಿರುತ್ತವೆ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2018ರವರೆಗೆ ವೃತ್ತಿಪರ ಬಾಕ್ಸಿಂಗ್‌ನ ಕ್ರೂಸರ್‌ವೇಟ್‌ನಲ್ಲಿ (ಹೆವಿವೇಟ್‌ಗಿಂತ ಕೆಳಗಿನ ವಿಭಾಗ) ಸುಮಾರು 90 ಕೆ.ಜಿ.ಗೆ ಆಡಿ, 2021ರಲ್ಲಿ ಆಂಥನಿ ಜೋಶುವಾ ಅವರನ್ನು ಸೋಲಿಸುವಾಗ ಸುಮಾರು 100 ಕೆ.ಜಿ. ಇದ್ದರು. 2024ರ ಮೇ ತಿಂಗಳಲ್ಲಿ ತಮಗಿಂತ 17 ಕೆ.ಜಿ.ಯಷ್ಟು ಭಾರವಿದ್ದ ಟೈಸನ್ ಫ್ಯೂರಿಯವರನ್ನೂ ಗೆದ್ದರು. ಆದರೆ ಉಸಿಕ್ ಎತ್ತರ 6 ಅಡಿ 3 ಅಂಗುಲ. 2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದಾಗಲೇ ಅವರು 91 ಕೆ.ಜಿ. ವಿಭಾಗದಲ್ಲಿದ್ದರು. ಅವರನ್ನು ಸಣ್ಣ ಬಾಕ್ಸರ್ ಎನ್ನುವುದು ಜೋಶುವಾ, ಫ್ಯೂರಿಯವರ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ.

ನಿಮ್ಮ ಮೈಕಟ್ಟಿಗೆ ಹೆಚ್ಚು ಹತ್ತಿರದವರು ಅಮೆರಿಕದ ರಾಯ್ ಜೋನ್ಸ್ ಜೂನಿಯರ್. ಮಿಡ್ಲ್‌ವೇಟ್‌ನಲ್ಲಿ (160 ಪೌಂಡ್, ಸುಮಾರು 73 ಕೆ.ಜಿ.) ಚಾಂಪಿಯನ್ ಆಗಿದ್ದ ಅವರು 2003ರ ಮಾರ್ಚ್‌ನಲ್ಲಿ 193 ಪೌಂಡ್ (ಸುಮಾರು 88 ಕೆ.ಜಿ.) ತೂಕದಲ್ಲಿ, 226 ಪೌಂಡ್ (ಸುಮಾರು 103 ಕೆ.ಜಿ.) ತೂಕದ ಜಾನ್ ರೂಯಿಜ್ ಅವರನ್ನು ಪಾಯಿಂಟ್ ಮೇಲೆ ಗೆದ್ದು ಹೆವಿವೇಟ್ ಪಟ್ಟ ಪಡೆದರು. ಅದೇ ವರ್ಷ ತೂಕ ಇಳಿಸಿ 175 ಪೌಂಡ್ (ಸುಮಾರು 79 ಕೆ.ಜಿ.) ವಿಭಾಗಕ್ಕೆ ಮರಳಿದರು, ಮರುವರ್ಷ ಮೇ ತಿಂಗಳಲ್ಲಿ ಆಂಟೋನಿಯೊ ಟಾರ್ವರ್ ಎದುರು ಎರಡನೇ ಸುತ್ತಿನಲ್ಲೇ ಉರುಳಿದರು. ವಯಸ್ಸೂ ಒಂದು ಕಾರಣವಿರಬಹುದು. ಆದರೂ ಆ ಏರಿಳಿತಕ್ಕೆ ಅವರ ದೇಹ ಬೆಲೆ ತೆತ್ತಿತು ಎಂದೇ ನನ್ನ ಅಭಿಪ್ರಾಯ.

ಮೈಕ್ ಟೈಸನ್ ಕೂಡ 5 ಅಡಿ 10 ಅಂಗುಲವೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ 1986ರ ನವೆಂಬರ್‌ನಲ್ಲಿ ತಮ್ಮ 20ನೇ ವಯಸ್ಸಿನಲ್ಲಿ ಪಟ್ಟ ಗೆದ್ದಾಗ ಅವರ ತೂಕ 221 ಪೌಂಡ್, ಅಂದರೆ 100 ಕೆ.ಜಿ. ಅವರು ಮೇಲೆ ಹತ್ತಿ ಬಂದವರಲ್ಲ, ಹುಡುಗನಾಗಿದ್ದಾಗಿನಿಂದಲೂ ಭಾರದ ಮೈಯವರು. ನಿಜಕ್ಕೂ ಕೆಳಗಿನಿಂದ ಹತ್ತಿ ಬಂದಿದ್ದ ಮೈಕೆಲ್ ಸ್ಪಿಂಕ್ಸ್, 1985ರಲ್ಲಿ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದ್ದ ಅಷ್ಟು ದೊಡ್ಡ ಬಾಕ್ಸರ್, 1988ರಲ್ಲಿ ಇದೇ ಟೈಸನ್ ಎದುರು ನಿಂತದ್ದು 91 ಸೆಕೆಂಡು.

ಅನುಸರಿಸುವುದಾದರೆ ನಮ್ಮ ದೇಶದ ಇಬ್ಬರನ್ನು ಅನುಸರಿಸಿ. 48 ಕೆ.ಜಿ. ವಿಭಾಗ ಒಲಿಂಪಿಕ್ಸ್‌ನಲ್ಲಿ ಇಲ್ಲದ್ದರಿಂದ ಮೇರಿ ಕೋಮ್ 51ಕ್ಕೆ ಹೋಗಿ ಲಂಡನ್‌ನಲ್ಲಿ ಕಂಚು ಗೆದ್ದರು. 69 ಕೆ.ಜಿ. ವಿಭಾಗ ಕೈಬಿಟ್ಟಾಗ ಲವ್ಲೀನಾ ಬೊರ್ಗೊಹೈನ್ 75ಕ್ಕೆ ಹೋಗಿ 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. ಇಬ್ಬರೂ ಮೇಲೆ ಹೋದದ್ದು ಕೆಲವೇ ಕಿಲೊ.

ಆದ್ದರಿಂದ ಗುರಿ 85 ಇರಲಿ, ಅದಕ್ಕೆ ಒಂದು ವರ್ಷ ಕೊಡಿ. ತಿಂಗಳಿಗೆ ಅರ್ಧ ಕಿಲೊ ಸ್ನಾಯು ಕೂಡಿದರೆ ಅದೇ ಒಳ್ಳೆಯ ಪ್ರಗತಿ. ಮಲೆನಾಡಿನಲ್ಲಿ ಇದಕ್ಕೊಂದು ತೊಡಕಿದೆ: ಜೂನ್‌ನಿಂದ ಮಳೆ ಹಿಡಿದರೆ ಬೆಳಗಿನ ಓಟ ನಿಲ್ಲುತ್ತದೆ, ಮನೆಯಲ್ಲಿ ಕಡುಬು, ಅಕ್ಕಿರೊಟ್ಟಿ, ಅನ್ನ ನಡೆಯುತ್ತಲೇ ಇರುತ್ತದೆ. ಆಗ ಏರಿದ ತೂಕ ಹೊಟ್ಟೆಗೆ ಸೇರಿದ್ದು, ರಿಂಗ್‌ನಲ್ಲಿ ಉಪಯೋಗಕ್ಕೆ ಬಾರದ್ದು. ಮಳೆಗಾಲದಲ್ಲಿ ಒಳಗೇ ಸ್ಕಿಪ್ಪಿಂಗ್ ಮತ್ತು ಭಾರ ಎತ್ತುವ ಅಭ್ಯಾಸ ಇಟ್ಟುಕೊಳ್ಳಿ. ಊಟದಲ್ಲಿ ಮೊಟ್ಟೆ, ಮೀನು, ಹಾಲು, ಹುರುಳಿ, ಕಡಲೆ ಹೆಚ್ಚಿಸಿ. ಕತ್ತಿನ ವ್ಯಾಯಾಮ ತಪ್ಪಿಸಬೇಡಿ.

ತೂಕ 83 ದಾಟಿದ ಮೇಲೆ, 88ರಿಂದ 90 ಕೆ.ಜಿ. ತೂಗುವ ಜೊತೆಗಾರನೊಂದಿಗೆ ಕೋಚ್ ಎದುರಿನಲ್ಲೇ, ಹದವಾದ ಪೆಟ್ಟಿನಲ್ಲಿ ಮೂರು ಸುತ್ತು ಸ್ಪಾರಿಂಗ್ ಮಾಡಿ ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಮೊದಲ ಸುತ್ತನ್ನು ಮೂರನೆಯದರೊಂದಿಗೆ ಹೋಲಿಸಿ ನೋಡಿ. ಮೂರನೇ ಸುತ್ತಿನಲ್ಲೂ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹೊಡೆದು ಪಕ್ಕಕ್ಕೆ ಸರಿಯಲು ನಿಮ್ಮ ಕಾಲು ಒಪ್ಪುತ್ತಿದ್ದರೆ 85ಕ್ಕೆ ಹೆಸರು ಕೊಡಿ. ಇಲ್ಲದಿದ್ದರೆ 80ರಲ್ಲೇ ಇನ್ನೊಂದು ಋತು ಆಡಿ. ಸ್ಪಾರಿಂಗ್ ನಂತರ ತಲೆನೋವು, ವಾಂತಿ, ಮಂಜುಗಣ್ಣು ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಕೋಚ್‌ಗೆ ಹೇಳಿ ಅಂದೇ ವೈದ್ಯರನ್ನು ನೋಡಿ, ಅವರು ಒಪ್ಪುವವರೆಗೆ ಗ್ಲೌಸ್ ಹಾಕಬೇಡಿ.